ಮೆಟ್ಟಿಲ ಪಕ್ಕದ ಹೂದಾನಿ

ಹ್ಞೂ ಅಂದವಳು ತಾನೇ ಎಂಬುದು ಶಿವಗಂಗಾಗೆ ಮನವರಿಕೆಯಾಗುವಷ್ಟರಲ್ಲಿ ಅಂಗಡಿಯ ಸೌಮ್ಯಾ ಮುಂದಿನ ಮಾತಿಗೆ ಹೋಗಿಬಿಟ್ಟಿದ್ದಳು. ಸೊಂಟದೆತ್ತರದ ಬೂದು ಬಣ್ಣದ ಹೂದಾನಿಯೊಂದರ ಕೊರಳ ಮೇಲೆ ಕೈಯಿಟ್ಟುಕೊಂಡು ಅವಳು ಕೇಳಿದ್ದು ಇಷ್ಟೇ: "ಇವರು ನಿಮ್ಮ ಮನೀ ಕೆಲಸದವರೇನ್ರಿ ಮೇಡಂ? ಒರಸೋದು, ಎತ್ತಿಡೋದು ಅವರಿಗೇ ಹೇಳಿಕೊಡ್ತೀನಿ." ಕೇಳಿದ್ದರಲ್ಲಿ ಕೊಂಕಿರಲಿಲ್ಲ. ತಾಂಡೂರಿನ ಹುಡುಗಿ, ಜಹೀರಾಬಾದಿನ ಹೈವೇ ಪಕ್ಕದಲ್ಲಿ ಮನೆ ಅಲಂಕಾರದ ಸಾಮಾನಿನ ಅಂಗಡಿ ಹಾಕಿ ಇನ್ನೂ ವರ್ಷವಾಗಿರಲಿಲ್ಲ, ಬಂದವರನ್ನೆಲ್ಲ ನಗುನಗುತ್ತ ಮಾತಾಡಿಸುವುದು ಅವಳ ಸ್ವಭಾವ. ಶಿವಗಂಗಾ ಆಗ ಹೂದಾನಿಯ ಒರಟು ಮೈಯನ್ನು ಸವರುತ್ತಿದ್ದಳು. ತಲೆಯೆತ್ತದೆಯೇ ಹ್ಞೂ ಅಂದಳು. ಅವಳ ಹಿಂದೆ, ಯಾರೂ ಬಿಡದಿದ್ದರೂ ತಾನು ಮಾತ್ರ ಚಪ್ಪಲಿ ಹೊರಗೆ ಬಿಟ್ಟು ಬಂದು, ಎಕ್ಸ್‌ರೇ ಇದ್ದ ಚೀಲವನ್ನು ಎದೆಗವಚಿಕೊಂಡು ನಿಂತಿದ್ದವಳು ಮಾಣಿಕಮ್ಮ. ಶಿವಗಂಗಾಳ ಅಣ್ಣ ಶಾಂತಪ್ಪನ ಹೆಂಡತಿ. ತಾಯಿಯಿಲ್ಲದ ಮನೆಗೆ ಸೊಸೆಯಾಗಿ ಬಂದು, ತಾನೇ ಇನ್ನೂ ಹುಡುಗಿಯಾಗಿದ್ದಾಗಲೇ ಶಿವಗಂಗಾಳನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ ವೈನಿ.

ಆ ಪ್ರಶ್ನೆ ಬರುವುದಕ್ಕೆ ಒಂದು ಗಳಿಗೆ ಮುಂಚೆ ಮಾಣಿಕಮ್ಮ ಕುಂಟುತ್ತ ಹತ್ತಿರ ಬಂದು ಹೂದಾನಿಯ ಬಾಯಿಯೊಳಗೆ ಇಣುಕಿ ನೋಡಿ, ಹೊಲದ ಈ ಬದುವಿನಿಂದ ಆ ಬದುವಿಗೆ ಕೂಗುವ ದನಿಯಲ್ಲಿ, "ಜ್ವಾಳ ತುಂಬಿಡೂ ವಾಡೇದ್ಹಂಗ ಅದಲ್ಲ! ಇದರಾಗ ಏನ್ ಹಾಕ್ತಾರ?" ಎಂದಿದ್ದಳು. ಆ ತಣ್ಣನೆಯ, ಸುಗಂಧದ ಅಂಗಡಿಯಲ್ಲಿ ಆ ಮಾತು ಗಾಜಿನ ಕಪಾಟುಗಳಿಗೆ ತಾಗಿ ತಿರುಗಿ ಬಂದಂತಾಯಿತು. ಪರದೆ ಬಟ್ಟೆ ನೋಡುತ್ತಿದ್ದ ಒಬ್ಬಾಕೆ ಈ ಕಡೆ ತಿರುಗಿ ಸಣ್ಣಗೆ ನಕ್ಕಳು. ಕೆಟ್ಟ ನಗುವೇನಲ್ಲ, ಮಕ್ಕಳ ಮಾತಿಗೆ ನಗುತ್ತಾರಲ್ಲ, ಅಂಥದ್ದು. ಶಿವಗಂಗಾಳ ಕಿವಿಗಳು ಬಿಸಿಯಾದವು. ಆ ಹೆಂಗಸನ್ನು ಅವಳು ಎಲ್ಲೋ ನೋಡಿದ್ದಳು. ಕಾಲನಿಯ ಯೋಗದ ಕ್ಲಾಸಿನಲ್ಲೋ, ಬ್ಯಾಂಕಿನ ಯಶೋಧಾಳ ಮನೆಯಲ್ಲೋ. ಯಶೋಧಾ ಶಿವಗಂಗಾಳ ಮನೆಯ ಗೃಹಪ್ರವೇಶದ ದಿನ ಹಾಲ್‌ನ ನಡುವೆ ನಿಂತು, ಎತ್ತರದ ಗೋಡೆಗಳನ್ನು ನೋಡುತ್ತ, "ಮನಿ ಭಾಳ ಚಂದ ಅದ ಶಿವಗಂಗಾ, ಆದ್ರ ಮೆಟ್ಟಲ ಹತ್ರ ಭಣಭಣ ಅನಸ್ತದ. ಅಲ್ಲಿ ಏನಾರ ದೊಡ್ಡದು ಇಡ್ರಿ" ಎಂದಿದ್ದಳು. ಅಂದಿನಿಂದ ಶಿವಗಂಗಾ ಮೆಟ್ಟಿಲಿಳಿಯುವಾಗಲೆಲ್ಲ ಆ ಮೂಲೆ ಅವಳನ್ನು ನೋಡುತ್ತಿತ್ತು. ಸಾಲುಸಾಲಾಗಿ ತಾಂಡೂರು ಕಲ್ಲು ಹಾಸಿದ ಹಾಲ್, ಕಂಬ, ತೂಗುದೀಪ ಎಲ್ಲ ಇದ್ದೂ ಆ ಮೂಲೆಯಲ್ಲಿ ಕಂಗ್ಟಿ ಕಡೆಯ ತನ್ನ ತವರಿನ ಹಳ್ಳಿ ಹುಡುಗಿ, ಹಿಂದಿನ ತಾನೇ, ಮೊಣಕಾಲಪ್ಪಿಕೊಂಡು ಕೂತಿರುವುದು ಬಂದವರಿಗೆಲ್ಲ ಕಾಣುತ್ತಿದೆ ಎನಿಸುತ್ತಿತ್ತು.

ತಿರುಗಿ ನೋಡಬೇಕೋ ಬೇಡವೋ ಎಂದು ಅವಳು ಇನ್ನೂ ಒದ್ದಾಡುತ್ತಿರುವಾಗ ಬೆನ್ನ ಹಿಂದಿನಿಂದ ವೈನಿಯ ದನಿ ಬಂತು. ಅದು ಬದುವಿನಿಂದ ಕೂಗುವ ದನಿಯಾಗಿರಲಿಲ್ಲ. "ಹೌದ್ರಿ. ಅಮ್ಮಾರ ಮನ್ಯಾಗೇ ಇರ್ತೀನಿ. ಹ್ಯಾಂಗ ಒರಸ್ಬೇಕು ಹೇಳ್ರಿ."

ಶಿವಗಂಗಾ ಆಗ ತಿರುಗಿದಳು. ಮಾಣಿಕಮ್ಮ ಅವಳನ್ನು ನೋಡುತ್ತಲೇ ಇದ್ದಳು, ಆದರೆ ಮುಖದಲ್ಲಿ ಏನೂ ಇರಲಿಲ್ಲ; ಸೆರಗನ್ನು ತಲೆಯ ಮೇಲೆ ಇನ್ನೊಂದಿಷ್ಟು ಮುಂದೆಳೆದುಕೊಂಡಿದ್ದಳು ಅಷ್ಟೆ. ಸೌಮ್ಯಾ ಖುಷಿಯಿಂದ ಅವಳಿಗೆ ಹೇಳಿಕೊಡತೊಡಗಿದಳು. ಹಸಿ ಬಟ್ಟೆ ಬೇಡ, ಒಣ ಬಟ್ಟೆ ಸಾಕು, ಕೊರಳು ಹಿಡಿದು ಎತ್ತಬಾರದು, ಒಂದು ಕೈ ತಳಕ್ಕೆ, ಒಂದು ಕೈ ಹೊಟ್ಟೆಗೆ. ಆಮೇಲೆ ಶಿವಗಂಗಾಳ ಕಡೆಗೆ ತಿರುಗಿ, ಒಂದೇ ತರದ ಜೋಡಿ ಇಡುವುದು ಈಗ ಯಾರೂ ಮಾಡುವುದಿಲ್ಲ, ಮದುವೆ ಮಂಟಪದ ಹಾಗೆ ಕಾಣುತ್ತದೆ ಎಂದಳು. ಒಂದು ಎತ್ತರದ್ದು, ಅದರ ಭುಜಕ್ಕೆ ಬರುವಂಥ ಇನ್ನೊಂದು ಗುಂಡನೆಯದು, ಎರಡೂ ಒಂದೇ ಮಣ್ಣಿನ ಬಣ್ಣದ ಮನೆತನದವು ಆಗಿರಬೇಕು ಎಂದು ವಿವರಿಸಿದಳು. ಗೋಡೆ ತಿಳಿಬಣ್ಣದ್ದೆಂದರೆ ಹೊಳಪಿನದು ಬೇಡ, ಒರಟು ಮೈಯದು ಇರಲಿ, ಕಿಟಕಿಯ ಬೆಳಕು ಬಿದ್ದರೆ ತಾನೇ ಅಂದ ಬರುತ್ತದೆ. ಶಿವಗಂಗಾ ಎಲ್ಲಕ್ಕೂ ತಲೆಯಾಡಿಸಿದಳು. ಈ ಮಾತುಗಳನ್ನು ಕೇಳಬೇಕೆಂದೇ ಅವಳು ವಾರಗಟ್ಟಲೆ ಕಾದಿದ್ದಳು, ಫೋನಿನಲ್ಲಿ ಹೂದಾನಿಗಳ ಚಿತ್ರ ನೋಡಿ ನೋಡಿ ಗಂಡನಿಂದ ಬೈಸಿಕೊಂಡಿದ್ದಳು. ಈಗ ಒಂದೂ ತಲೆಗೆ ಹೋಗುತ್ತಿರಲಿಲ್ಲ. ಈಗಲೂ ಹೇಳಬಹುದು, ಅಯ್ಯೋ ನನ್ನ ಲಕ್ಷ್ಯ ಎಲ್ಲೋ ಇತ್ತು, ಇವರು ನಮ್ಮ ವೈನಿ ಎಂದು ನಕ್ಕುಬಿಡಬಹುದು ಎಂದು ಅವಳು ಅಂದುಕೊಳ್ಳುತ್ತಲೇ ಇದ್ದಳು. ಆದರೆ ಪ್ರತಿ ಮಾತಿನ ನಂತರ ಅದು ಹೆಚ್ಚು ಕಷ್ಟವಾಗುತ್ತಿತ್ತು. ಮತ್ತು, ಇದನ್ನು ಅವಳು ತನಗೇ ಒಪ್ಪಿಕೊಳ್ಳಲಿಲ್ಲ, ಅವಳ ಭುಜಗಳು ಸಡಿಲವಾಗಿದ್ದವು. ಪರದೆ ನೋಡುತ್ತಿದ್ದ ಹೆಂಗಸು ಈಗ ಈ ಕಡೆ ನೋಡುತ್ತಿರಲಿಲ್ಲ. ನೋಡಲು ಈಗ ಏನೂ ಇರಲಿಲ್ಲ. ಒಬ್ಬ ಯಜಮಾನಿ, ಅವಳ ಜೊತೆಗೊಬ್ಬ ಕೆಲಸದಾಕೆ.

ಗುಂಡನೆಯ ಹೂದಾನಿಯನ್ನು ಕಾರಿನ ಮುಂದಿನ ಸೀಟಿನಲ್ಲಿಟ್ಟು ಬೆಲ್ಟು ಹಾಕಿದರು. ಎತ್ತರದ್ದನ್ನು ಹಿಂದೆ ಮಲಗಿಸಿದಾಗ ಅದರ ಕೊರಳು ಕೂರುವವರ ಜಾಗಕ್ಕೇ ಬಂತು. ಮಾಣಿಕಮ್ಮ ಉಳಿದ ಇಷ್ಟು ಜಾಗದಲ್ಲಿ ಓರೆಯಾಗಿ ಕೂತು, ನೋಯುವ ಮೊಣಕಾಲನ್ನು ಮಡಚಲಾಗದೆ ಬಾಗಿಲಿಗೆ ಒತ್ತಿ, ಹೂದಾನಿಯ ಕೊರಳನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಮುಂದಿನ ಸೀಟಿನಲ್ಲಿ ಹೂದಾನಿ ಇತ್ತಾದ್ದರಿಂದ ವೈನಿ ಹಿಂದೆ ಕೂತಳು, ಬೇರೇನಿಲ್ಲ, ಎಂದು ಶಿವಗಂಗಾ ಕಾರು ಶುರು ಮಾಡುತ್ತ ಯಾರಿಗೋ ಸಮಜಾಯಿಷಿ ಕೊಡುವಂತೆ ಮನಸ್ಸಿನಲ್ಲೇ ಅಂದುಕೊಂಡಳು. ಬೆಳಿಗ್ಗೆ ಆಸ್ಪತ್ರೆಗೆ ಹೋಗುವಾಗ ವೈನಿ ಮುಂದೆ ಕೂತು ಏಸಿಯ ಗಾಳಿಗೆ ಅಂಗೈ ಹಿಡಿದು, "ಏ, ಥಂಡಿ ಬರ್ತದಲ್ಲ ಇದರಾಗಿಂದ" ಎಂದು ನಕ್ಕಿದ್ದಳು. ಡಾಕ್ಟರು ಸವೆತ ಎಂದಾಗಲೂ ನಕ್ಕು, "ಎಷ್ಟ್ ನಡದದ ಅದು, ಸವಿಲಾರದ ಏನ್ ಮಾಡ್ತದ" ಎಂದಿದ್ದಳು. ಈಗ ಕನ್ನಡಿಯಲ್ಲಿ ಅವಳ ಹಣೆಯ ವಿಭೂತಿಯ ಅರ್ಧ ಮಾತ್ರ ಕಾಣುತ್ತಿತ್ತು. ರೈಲ್ವೆ ಗೇಟು ಹಾಕಿತ್ತು. ಲಾರಿಗಳ ಸಾಲಿನ ಹಿಂದೆ ನಿಂತಾಗ ಶಿವಗಂಗಾ ಬಾಯಿ ತೆರೆದಳು. "ವೈನಿ, ಆ ಹುಡುಗಿ ಏನೋ..." ಅಂದಳು. "ಸಾವಕಾಶ ಹೊಡಿ" ಎಂದಳು ಮಾಣಿಕಮ್ಮ, "ಗುಂಡ್ಯಾಗ ಹಾಕಿದ್ರ ಇದು ಒಡದಗಿಡದೀತು." ಅಷ್ಟರಲ್ಲಿ ಗೇಟು ತೆಗೆದರು, ಹಿಂದಿನವರು ಹಾರ್ನು ಹೊಡೆಯತೊಡಗಿದರು.

ಬೀದರಿನ ಕಡೆಯಿಂದ ಗಂಡ ವೀರಭದ್ರನ ಮನೆಯವರು ಶಿವಗಂಗಾಳನ್ನು ನೋಡಲು ಬಂದ ದಿನವೂ ಹೀಗೇ ಬಿಸಿಲಿತ್ತು. ಬೆಳಗಿನಿಂದ ವೈನಿ ಪಡಸಾಲೆಯನ್ನು ಸಾರಿಸಿ, ಅವರಿವರ ಮನೆಗಳಿಂದ ತಂದ ಹಿತ್ತಾಳೆ ಹಂಡೆಗಳನ್ನು ಹುಣಸೆಹಣ್ಣು ಹಾಕಿ ಬೆಳಗಿ, ದೊಡ್ಡದು ಹಿಂದೆ ಸಣ್ಣದು ಮುಂದೆ ಎಂದು ಮೂಲೆಯಲ್ಲಿ ಜೋಡಿಸಿ, ದೂರ ಸರಿದು ನಿಂತು, ತಲೆ ವಾಲಿಸಿ ನೋಡಿ, ಮತ್ತೆ ಹೋಗಿ ಸರಿಸಿ, ಹೀಗೆ ಮಾಡುತ್ತಲೇ ಇದ್ದಳು. "ಖಾಲಿ ಮನಿ ಅಂತ ಅವರಿಗಿ ಅನಸ್ಬಾರ್ದು ನೋಡು" ಎಂದಿದ್ದಳು. ಶಿವಗಂಗಾ ಉಟ್ಟಿದ್ದು ವೈನಿಯ ಮದುವೆಯ ಇಳಕಲ್ಲು ಸೀರೆ. ಗಂಡಿನ ತಾಯಿ, "ಈ ಮನಿ ಸೊಸಿ ಎಲ್ಲಿ ಕಾಣಸ್ವಲ್ಲರಲ್ಲ?" ಎಂದು ಕೇಳಿದಾಗ ಅಣ್ಣ ತಡವರಿಸಿದ್ದ. ವೈನಿ ಒಳಗೆ ಒಲೆಯ ಹತ್ತಿರ ಇದ್ದಳು. ಉಡಲು ಅಂಥದ್ದು ಇನ್ನೊಂದು ಇರಲಿಲ್ಲ. ಅಂದು ಆ ಕತ್ತಲೆ ಅಡಿಗೆ ಮನೆಯಿಂದ ಬಾಗಿಲ ಸಂದಿಯಲ್ಲಿ ನೋಡುತ್ತಿದ್ದ ಕಣ್ಣುಗಳಲ್ಲಿ ಎಂಥ ಹಿಗ್ಗಿತ್ತು. ಈ ನೆನಪು ಈಗ ಯಾಕೆ ಬರಬೇಕು ಎಂದು ಶಿವಗಂಗಾಗೆ ಸಿಟ್ಟು ಬಂತು. ಆಗ ಬಚ್ಚಿಟ್ಟುಕೊಂಡದ್ದು ವೈನಿ ತಾನಾಗಿ, ಯಾರೂ ಅವಳನ್ನು ಒಳಗೆ ಕಳಿಸಿರಲಿಲ್ಲ ಎಂದುಕೊಂಡಳು. ಮರುಕ್ಷಣವೇ, ಬಾ ಎಂದೂ ಯಾರೂ ಕರೆದಿರಲಿಲ್ಲ ಎಂಬುದು ಹೊಳೆಯಿತು.

ಮಧ್ಯಾಹ್ನ ಸೌಮ್ಯಾ ಮನೆಗೆ ಬರುವವಳಿದ್ದಳು. ದೊಡ್ಡ ಹೂದಾನಿ ಕೊಂಡವರ ಮನೆಗೆ ತಾನೇ ಹೋಗಿ ಹೊಂದಿಸಿಟ್ಟು ಬರುವುದು ಅವಳ ಅಂಗಡಿಯ ಪದ್ಧತಿ. ಬೇಡ, ಇವತ್ತು ಬರಬೇಡ ಎಂದು ಒಂದು ಫೋನು ಮಾಡಿದ್ದರೆ ಆಗುತ್ತಿತ್ತು. ಶಿವಗಂಗಾ ಫೋನು ಕೈಯಲ್ಲಿ ಹಿಡಿದು ಕೋಣೆಯಿಂದ ಕೋಣೆಗೆ ಓಡಾಡಿದಳು. ಅಡಿಗೆ ಮನೆಯಲ್ಲಿ ಮಾಣಿಕಮ್ಮ ರೊಟ್ಟಿ ಬಡಿಯುತ್ತಿದ್ದ ಸದ್ದು ಬರುತ್ತಿತ್ತು. ಬಂದಾಗಲೆಲ್ಲ ಅವಳು ರೊಟ್ಟಿ ಬಡಿಯುತ್ತಿದ್ದಳು, ವೀರಭದ್ರನಿಗೆ ಅವಳ ಕೈ ರೊಟ್ಟಿಯೇ ಬೇಕು. ಆದರೆ ಇವತ್ತು ಆ ಸದ್ದು ಬೇರೆಯಾಗಿ ಕೇಳಿಸಿತು. "ಬಿಡು ವೈನಿ, ನಾ ಮಾಡ್ತೀನಿ, ನೀ ಹೋಗಿ ಹಾಲಿನ್ಯಾಗ ಕೂಡು, ಕಾಲು ನೋಯ್ತದ" ಎಂದಳು ಬಾಗಿಲಲ್ಲಿ ನಿಂತು. ಮಾಣಿಕಮ್ಮ ಹಿಟ್ಟಿನ ಕೈಯನ್ನು ತಟ್ಟೆಯ ಅಂಚಿಗೆ ಒರೆಸಿ, "ಆ ಹುಡುಗಿ ಬರ್ತಾಳಲ್ಲ. ಹಾಲಿನ್ಯಾಗ ಕೂತ್ರ ಏನಂತಾಳ?" ಎಂದಳು. ವ್ಯಂಗ್ಯವೇ? ಶಿವಗಂಗಾಗೆ ಗೊತ್ತಾಗಲಿಲ್ಲ. ಮಳೆ ಬರುವಂತಿದೆ, ಕಾಳು ಒಳಗೆ ತರಬೇಕು ಎನ್ನುವಾಗ ಇರುತ್ತದಲ್ಲ, ಅಂಥ ಸೀದಾ ದನಿ. ಹೊರಗೆ ಸ್ಕೂಟಿ ನಿಂತ ಸದ್ದಾಯಿತು.

ಸೌಮ್ಯಾ ಬಂದವಳೇ ಹಾಲ್ ನೋಡಿ ಹೊಗಳಿದಳು. ಉದ್ದನೆಯ ಒಣಹುಲ್ಲಿನ ತೆನೆಗಳನ್ನು, ಎಲೆಯಿಲ್ಲದ ಒಣ ಟೊಂಗೆಗಳನ್ನು ಕಾಗದದಲ್ಲಿ ಸುತ್ತಿ ತಂದಿದ್ದಳು. ಎತ್ತರದ ಹೂದಾನಿ ಮಗುಚದಂತೆ ಅದರ ತಳಕ್ಕೆ ಕಡಿ ಕಲ್ಲು ಸುರಿದು, ಮೆಟ್ಟಿಲಿನ ಪಕ್ಕಕ್ಕೆ, ಗೋಡೆಗೆ ಅಂಟಿಸದೆ ಒಂದಿಷ್ಟು ಮುಂದಕ್ಕೆ ನಿಲ್ಲಿಸಿದಳು. ಗುಂಡನೆಯದನ್ನು ಅದರ ಮುಂದೆ ಓರೆಗೆ ಇಟ್ಟು ಖಾಲಿ ಬಿಟ್ಟಳು. "ಎರಡರಾಗೂ ತುಂಬಬಾರ್ದು ಅಕ್ಕಾ, ಒಂದು ಸುಮ್ಮನಿರಬೇಕು, ಆವಾಗ ಇನ್ನೊಂದು ಮಾತಾಡ್ತದ." ಅಷ್ಟರಲ್ಲಿ ಮೇಡಂ ಹೋಗಿ ಅಕ್ಕಾ ಆಗಿತ್ತು. ಹುಲ್ಲಿನ ತೆನೆಗಳು ಹರಡಿ ನಿಂತಾಗ ಕಿಟಕಿಯ ಬೆಳಕು ಅವುಗಳ ನವಿರಿನಲ್ಲಿ ಸಿಕ್ಕಿಕೊಂಡಿತು. ಭಣಗುಟ್ಟುತ್ತಿದ್ದ ಮೂಲೆ ಕಣ್ಣೆದುರೇ ತುಂಬಿಕೊಂಡಿತು. ನಿಜಕ್ಕೂ ಚೆನ್ನಾಗಿತ್ತು. ಶಿವಗಂಗಾಳ ಎದೆಯಲ್ಲಿ ಹಿಗ್ಗು ಏಳುತ್ತಿದ್ದಂತೆಯೇ ಅದಕ್ಕೆ ಏನೋ ತಡೆಯಾಯಿತು, ಊಟದಲ್ಲಿ ಕಲ್ಲು ಸಿಕ್ಕಂತೆ. ಮಾಣಿಕಮ್ಮ ಚಹಾ ತಂದಿದ್ದಳು. ತಟ್ಟೆಯಲ್ಲಿ ಎರಡೇ ಕಪ್ಪು ಇದ್ದವು. ಕೊಟ್ಟು, ಹೋಗದೆ, ಗೋಡೆಯ ಹತ್ತಿರ ಕೈಕಟ್ಟಿ ನಿಂತಳು. ತವರಿನ ಮನೆಯಲ್ಲಿ ಎಲ್ಲರ ನಡುವೆ ಕಾಲು ಚಾಚಿ ಕೂತು ಬಸಿಯಲ್ಲಿ ಸುರಿದುಕೊಂಡು ಸುರ್ ಎಂದು ಕುಡಿಯುವ ವೈನಿ ಇಷ್ಟು ಚೆನ್ನಾಗಿ ನಿಲ್ಲುವುದನ್ನು ಎಲ್ಲಿ ಕಲಿತಳು? ಅಥವಾ ಇದು ಕಲಿಯಬೇಕಾದ್ದೇ ಅಲ್ಲವೇ?

"ಕೆಳಗ ಜರಾ ಧೂಳ ಆಗ್ಯದ ನೋಡಮ್ಮ, ಒರಸಿಬಿಡ್ತೀಯೇನು?" ಎಂದಳು ಸೌಮ್ಯಾ, ಫೋನಿನಲ್ಲಿ ಫೋಟೋ ತೆಗೆಯಲು ದೂರ ಸರಿಯುತ್ತ. ಕಡಿ ಕಲ್ಲು ಸುರಿಯುವಾಗ ತಾಂಡೂರು ಕಲ್ಲಿನ ಮೇಲೆ ಬಿಳಿ ಪುಡಿ ಬಿದ್ದಿತ್ತು. ಮಾಣಿಕಮ್ಮ ಒಳಗಿನಿಂದ ಬಟ್ಟೆ ತಂದಳು. ಮೊದಲು ನಿಂತೇ ಬಗ್ಗಿ ನೋಡಿದಳು, ಎಟುಕಲಿಲ್ಲ. ಒಂದು ಕೈಯನ್ನು ಮೆಟ್ಟಿಲಿನ ಮೇಲೆ ಊರಿ, ಒಳ್ಳೆಯ ಕಾಲನ್ನು ಮಡಚಿ, ನೋಯುವ ಕಾಲನ್ನು ಬದಿಗೆ ಉದ್ದಕ್ಕೆ ಚಾಚಿ, ಉಸಿರು ಬಿಗಿಹಿಡಿದು ಮೆಲ್ಲಗೆ ನೆಲಕ್ಕಿಳಿಯತೊಡಗಿದಳು. ಅರ್ಧಕ್ಕೆ ಬಂದಾಗ ಅವಳ ಗಂಟಲಿನಿಂದ ಸಣ್ಣ ಸದ್ದೊಂದು ಬಂತು. ಶಿವಗಂಗಾ ಕಪ್ಪು ಕೆಳಗಿಟ್ಟು ಒಂದು ಹೆಜ್ಜೆ ಮುಂದೆ ಬಂದಳು.

"ಬ್ಯಾಡ!" ಎಂದಳು. ದನಿ ತನ್ನದೇ ಎನಿಸಲಿಲ್ಲ. "ಏಳು ವೈನಿ. ಸೌಮ್ಯಾ, ಇವರು ಕೆಲಸದವರಲ್ಲ. ನಮ್ಮ ವೈನಿ. ನಮ್ಮ ಅಣ್ಣನ ಹೆಂಡ್ತಿ. ನನಗ ಸಣ್ಣಾಕಿದ್ದಾಗಿಂದ ಇವರೇ ಬೆಳಸ್ಯಾರ."

ಹೇಳಿಬಿಟ್ಟಿದ್ದಳು. ಇನ್ನು ಸೌಮ್ಯಾ ನಾಲಿಗೆ ಕಚ್ಚಿಕೊಳ್ಳಬೇಕು, ತನ್ನನ್ನು ವಿಚಿತ್ರವಾಗಿ ನೋಡಬೇಕು, ನೋಡಲಿ. ವೈನಿ ಏಳಬೇಕು, ಸೋಫಾದ ಮೇಲೆ ಕೂರಬೇಕು. ಫೋನು ಹಿಡಿದ ಸೌಮ್ಯಾಳ ಕೈ ಅಲ್ಲೇ ನಿಂತಿತು. ಅವಳು ಒಬ್ಬರ ಮುಖ ಬಿಟ್ಟು ಒಬ್ಬರ ಮುಖ ನೋಡಿದಳು. ಅರ್ಧ ಕೂತ ಅರ್ಧ ನಿಂತ ಭಂಗಿಯಲ್ಲೇ ಮಾಣಿಕಮ್ಮ ನಕ್ಕಳು.

"ಅಮ್ಮಾರು ಹಂಗೇ ಅಂತಾರ್ರಿ" ಎಂದಳು ಸೌಮ್ಯಾಳಿಗೆ. "ಭಾಳ ವರ್ಷದಿಂದ ಇದ್ದೀನಲ್ಲ. ವೈನಿ ಅಂತೇ ಕರೀತಾರ. ಬ್ಯಾರೆಯವಳು ಅನ್ನೂದಿಲ್ಲ, ಮನಿಯವರ್ಹಂಗ ನೋಡ್ಕೋತಾರ." ಹೇಳಿ, ಉಳಿದರ್ಧ ಇಳಿದು ನೆಲದ ಮೇಲೆ ಕೂತು, ಹೂದಾನಿಯ ಸುತ್ತ ಬಿದ್ದ ಬಿಳಿ ಪುಡಿಯನ್ನು ಒರೆಸಿದಳು. ಸೌಮ್ಯಾಳ ಮುಖ ಅರಳಿತು. "ಎಂಥಾ ಮನಸು ಅಕ್ಕಾ ನಿಮ್ದು" ಎಂದಳು, "ಕೆಲಸದವರಿಗಿ ಹಿಂಗ ಯಾರು ನೋಡ್ತಾರ ಈಗಿನ ಕಾಲದಾಗ? ನಾನೂ ನಮ್ಮಮ್ಮಗ ಹೇಳ್ತೀನಿ ಇದು." ಅವಳ ಕಣ್ಣುಗಳಲ್ಲಿ ತೇವವಿತ್ತು. ಶಿವಗಂಗಾ ಅಲ್ಲ, ಅಲ್ಲ ಎನ್ನಲು ತುಟಿ ಅಲುಗಿಸಿದಳು. ಆದರೆ ಇನ್ನು ಏನು ಹೇಳಿದರೂ ಅವಳ ದೊಡ್ಡತನ ಇನ್ನಷ್ಟು ದೊಡ್ಡದಾಗುತ್ತಿತ್ತು. ಸತ್ಯ ಅವಳ ಕೈಯಲ್ಲಿತ್ತು, ಆಡಿಯೂ ಆಗಿತ್ತು, ಮತ್ತು ಅದೇ ಈಗ ಎಲ್ಲಕ್ಕಿಂತ ಕೆಟ್ಟ ಸುಳ್ಳಾಗಿ ಅವಳ ಮೈಮೇಲೆ ಶಾಲಿನಂತೆ ಬಿದ್ದಿತ್ತು. ಅದನ್ನು ಹೊದ್ದುಕೊಂಡೇ ಅವಳು ಸೌಮ್ಯಾಳನ್ನು ಗೇಟಿನವರೆಗೆ ಕಳಿಸಿ ಬಂದಳು.

ಒಳಗೆ ಬಂದಾಗ ಮಾಣಿಕಮ್ಮ ಎದ್ದಿದ್ದಳು; ಹ್ಯಾಗೆ ಎದ್ದಳೋ, ಯಾರ ಆಸರೆಯಿಂದಲೋ. ಅಡಿಗೆ ಮನೆಯ ಕಟ್ಟೆಗೆ ಒರಗಿ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಶಿವಗಂಗಾ ಬಾಗಿಲಲ್ಲೇ ನಿಂತಳು.

"ಯಾಕ ಹಂಗಂದಿ ವೈನಿ? ನಾ ಖರೇ ಹೇಳಿದ್ನಲ್ಲ."

"ಹೇಳ್ದಿ."

"ಮತ್ತ? ನೀ ಯಾಕ ಸುಳ್ಳ ಮಾಡ್ದಿ?"

ಮಾಣಿಕಮ್ಮ ಎಣ್ಣೆ ಬಟ್ಟಲನ್ನು ಬದಿಗಿಟ್ಟಳು. "ನಾ ನೆಲದ ಮ್ಯಾಲ ಬಿದ್ದಾಗ ನೀ ವೈನಿ ಅಂದ್ರ ನಾ ಹೌದು ಅನ್ಬೇಕೇನು?" ಎಂದಳು. ದನಿ ಏರಿರಲಿಲ್ಲ. "ಅಂಗಡ್ಯಾಗ ನಿಂತಿದ್ದೆ ನಾ, ಎದ್ದು ನಿಂತಿದ್ದೆ. ಆವಾಗ ಅಂದಿದ್ರ ಆಗ್ತಿತ್ತು."

"ತಪ್ಪಾತು. ಬಾಯಿ ತಪ್ಪಿ ಹ್ಞೂ ಅಂದೆ. ಖರೇನೇ ಬಾಯಿ ತಪ್ಪಿ..."

"ನೀ ಹ್ಞೂ ಅಂದದ್ದಕ್ಕ ನನಗೇನಿಲ್ಲ ಗಂಗೂ. ಎಲ್ಲಾರ ಬಾಯೀನೂ ತಪ್ತದ. ನಾ ನಿನ್ನ ಅಮ್ಮಾರು ಅಂದ್ನಲ್ಲ, ಆವಾಗ ನೀ ಹೊಳ್ಳಿ ನೋಡ್ದಿ. ನಿನ್ನ ಮಾರಿಗಿ ಎಷ್ಟ್ ಸಮಾಧಾನ ಬಂತು ಅಂತಿ. ಜ್ವರ ಇಳದ್ಹಂಗ. ಸಣ್ಣಾಕಿದ್ದಾಗ ನಿನಗ ಜ್ವರ ಇಳದ್ರ ಹಂಗೇ ಕಾಣಸ್ತಿತ್ತು. ಅದಕ್ಕೇ ಗೊತ್ತಾತು ನನಗ."

ತನಗೇ ಹೇಳಿಕೊಳ್ಳದಿದ್ದದ್ದನ್ನು ಇನ್ನೊಬ್ಬರು ಇಷ್ಟು ಮೆಲ್ಲಗೆ ತೆಗೆದು ಮುಂದಿಟ್ಟಾಗ ಶಿವಗಂಗಾಗೆ ಅಳು ಒತ್ತಿ ಬಂತು. ಸಣ್ಣ ಹುಡುಗಿಯ ಹಾಗೆ ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಹಿಂದೆಲ್ಲ ಹೀಗೆ ನಿಂತರೆ ಸಾಕಿತ್ತು, ವೈನಿ ಎಲ್ಲಿದ್ದರೂ ಕೈಯಲ್ಲಿದ್ದದ್ದನ್ನು ಬಿಟ್ಟು ಬರುತ್ತಿದ್ದಳು, ಸೆರಗಿನಿಂದ ಮುಖ ಒರೆಸುತ್ತಿದ್ದಳು.

"ಅಳಬ್ಯಾಡ" ಎಂದಳು ಮಾಣಿಕಮ್ಮ ಇದ್ದಲ್ಲಿಂದಲೇ. "ನೀ ಅತ್ರ ನಾ ಬಂದು ಸಮಾಧಾನ ಮಾಡಬೇಕಾಗ್ತದ. ಇವತ್ತು ನನಗ ಆಗಲ್ಲ."

ಸಂಜೆ ವೀರಭದ್ರ ಬೀಜದಂಗಡಿ ಮುಚ್ಚಿ ಬಂದ. ಮೆಟ್ಟಿಲಿನ ಹತ್ತಿರ ನಿಂತು ಹೂದಾನಿಯ ಸುತ್ತ ಒಮ್ಮೆ ತಿರುಗಿದ. ಇಷ್ಟು ಒಣ ಹುಲ್ಲು ಬೇಕಿದ್ದರೆ ನ್ಯಾಲ್ಕಲ್ಲಿನ ಯಾವ ಬದುವಿನಲ್ಲಾದರೂ ಕೊಯ್ದು ತರುತ್ತಿದ್ದೆನಲ್ಲ ಎಂದು ನಗೆಯಾಡಿದ. ಹೆಂಡತಿ ನಗದಿದ್ದನ್ನು ನೋಡಿ, ತಾನು ಅವಳ ಮನಸ್ಸು ನೋಯಿಸಿದೆನೆಂದು ತಿಳಿದು, "ಅಲ್ಲ, ಖರೇನೇ ಭಾರಿ ಕಾಣಸ್ತದ. ಅಕ್ಕಾರ, ನೀವು ಹೇಳ್ರಿ, ಹ್ಯಾಂಗ ಅದ?" ಎಂದು ಮಾಣಿಕಮ್ಮನನ್ನು ಕರೆದ. ಅವಳ ಕೈ ಹಿಡಿದು ತಂದು ಸೋಫಾದಲ್ಲಿ ಕೂರಿಸಿ ಕಾಲ ಕೆಳಗೆ ತಾನೇ ದಿಂಬು ಇಟ್ಟ. ಅವನಿಗೆ ಇದೆಲ್ಲ ಎಷ್ಟು ಸುಲಭವಾಗಿತ್ತು. ಶಿವಗಂಗಾ ಊಟದ ಮೇಜಿನ ಹತ್ತಿರ ತಟ್ಟೆ ಹಿಡಿದು ನಿಂತು ಮಾತಿಗೆ ಕಾದಳು. ಈಗ ಹೇಳುತ್ತಾಳೆ, ಹೇಳಲಿ, ಹೇಳಿದರೆ ಗಂಡ ಬಯ್ಯುತ್ತಾನೆ, ಬೈದರೆ ಎಷ್ಟೋ ಹಗುರಾಗುತ್ತದೆ ಎಂದುಕೊಂಡಳು. ಮಾಣಿಕಮ್ಮ ಹೂದಾನಿಯನ್ನು ನೋಡಿದಳು. "ಚಂದ ಅದ" ಎಂದಳು. "ಮೂಲಿ ತುಂಬದ್ಹಂಗಾತು." ಆಮೇಲೆ ವೀರಭದ್ರ ತೊಗರಿಯ ಮಾತು ತೆಗೆದ, ಶಾಂತಪ್ಪ ಯಾವ ತಳಿ ಹಾಕಿದ್ದಾನೆ ಎಂದು ಕೇಳಿದ, ಅವಳು ವಿವರವಾಗಿ ಹೇಳಿದಳು. ಊಟಕ್ಕೆ ಕೂತಾಗ ರೊಟ್ಟಿ ಹೊಗಳಿದ. ಶಿವಗಂಗಾಗೆ ರೊಟ್ಟಿ ಮುರಿಯಲು ಕೈ ಬರಲಿಲ್ಲ. ಫೋನಿನಲ್ಲಿ ಸೌಮ್ಯಾ ಕಳಿಸಿದ ಫೋಟೋ ಬಂದಿತ್ತು: ಮೆಟ್ಟಿಲು, ಬೆಳಕು, ಎರಡು ಹೂದಾನಿ. ಅಂಚಿನಲ್ಲಿ ಒರೆಸುವ ಬಟ್ಟೆ ಹಿಡಿದ ಒಂದು ಕೈಯ ತುದಿ ಉಳಿದುಬಿಟ್ಟಿತ್ತು. ಯಶೋಧಾಳಿಗೆ ಕಳಿಸಬೇಕೆಂದಿದ್ದ ಆ ಫೋಟೋವನ್ನು ಶಿವಗಂಗಾ ಅಳಿಸಿದಳು. ಅಳಿಸಿದ ಮೇಲೆ, ತಾನು ಅಳಿಸಿದ್ದು ಹೂದಾನಿಯನ್ನೋ ಆ ಕೈಯನ್ನೋ ಎಂಬ ಅನುಮಾನ ಹುಟ್ಟಿ, ಅದಕ್ಕೂ ನಾಚಿದಳು.

ಬೆಳಿಗ್ಗೆ ಮಾಣಿಕಮ್ಮ ಹೊರಡುತ್ತೇನೆಂದಳು. ವಾರವಿದ್ದು ಕಾಲಿಗೆ ಶಾಖ ಕೊಡಿಸಿಕೊಂಡು ಹೋಗುವುದೆಂದು ಮೊದಲೇ ಮಾತಾಗಿತ್ತು. ಎಮ್ಮೆ ಈಯುವುದಕ್ಕೆ ಬಂದಿದೆ ಎಂದಳು ವೀರಭದ್ರನಿಗೆ. ಅವನು ಕಾರಿನಲ್ಲಿ ಬಿಡುತ್ತೇನೆಂದರೂ ಬೇಡವೆಂದಳು, ಬಸ್ಸು ಸೀದಾ ನಾರಾಯಣಖೇಡಕ್ಕೆ ಹೋಗುತ್ತದೆ, ಅಲ್ಲಿಂದ ಕಂಗ್ಟಿಗೆ ಬೇಕಾದಷ್ಟು ಜೀಪು. ಶಿವಗಂಗಾ ಬಸ್‌ಸ್ಟ್ಯಾಂಡಿನವರೆಗೆ ಎಂದು ಹೊರಟಳು. ಚೀಲ ಹಿಡಿಯಲು ಹೋದಳು. ಮಾಣಿಕಮ್ಮ ಕೊಡಲಿಲ್ಲ, ಜಗಳವೂ ಮಾಡಲಿಲ್ಲ, ಸುಮ್ಮನೆ ಕೈ ಬದಲಿಸಿದಳು. ಬಸ್ಸಿನ ಮೆಟ್ಟಿಲು ಎತ್ತರವಿತ್ತು. ಹಿಂದಿದ್ದ ಯಾರೋ ಹೆಂಗಸು ಅವಳ ಸೊಂಟಕ್ಕೆ ಕೈ ಕೊಟ್ಟು ಹತ್ತಿಸಿದಳು. ಕಿಟಕಿಯ ಹತ್ತಿರ ಕೂತ ವೈನಿಯ ಮುಖ ಕೆಳಗೆ ನಿಂತ ಶಿವಗಂಗಾಗೆ ಕಾಣುತ್ತಿತ್ತು. ಹೋಗಿ ಬರ್ತೀನಿ ಎಂದು ಅವಳು ಹೇಳಿಯಾಗಿತ್ತು. ಕೈ ಬೀಸಿ ತಿರುಗಿ ಮನೆಗೆ ಹೋದರೆ ಮೆಟ್ಟಿಲ ಪಕ್ಕದ ಆ ಮೂಲೆ ಕಾಯುತ್ತಿರುತ್ತದೆ. ಬಸ್ಸು ಗುಡುಗಿ ಅಲುಗಿದಾಗ ಶಿವಗಂಗಾ ಓಡಿ ಹೋಗಿ ಹತ್ತಿಬಿಟ್ಟಳು. ಪಕ್ಕದಲ್ಲಿ ಬಂದು ಕೂತದ್ದನ್ನು ಮಾಣಿಕಮ್ಮ ನೋಡಿ, ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡಳು.

ಊರು ದಾಟಿತು. ಕಬ್ಬಿನ ಗದ್ದೆಗಳು ಮುಗಿದು ಕೆಂಪು ನೆಲ ಶುರುವಾಯಿತು. ಎಷ್ಟೋ ವರ್ಷಗಳಿಂದ ಬಸ್ಸು ಹತ್ತದ ಶಿವಗಂಗಾ ಮುಂದಿನ ಸೀಟಿನ ಸರಳು ಹಿಡಿದು ಕೂತಿದ್ದಳು. ಏನು ಹೇಳಬೇಕೆಂದು ಅವಳು ಮನಸ್ಸಿನಲ್ಲಿ ಜೋಡಿಸುತ್ತಿದ್ದಳು. ಜೋಡಿಸಿದ್ದೆಲ್ಲ ಚೆಂದವಾಗಿತ್ತು, ಚೆಂದವಾದ್ದರಿಂದಲೇ ಹೇಳಲು ನಾಚಿಕೆಯಾಗುತ್ತಿತ್ತು. ಕಂಡಕ್ಟರು ಬಂದ. ಹೆಂಗಸರೆಲ್ಲ ಆಧಾರ್ ಕಾರ್ಡು ತೋರಿಸಿ ಬಿಟ್ಟಿ ಟಿಕೆಟ್ಟು ತೆಗೆದುಕೊಳ್ಳುತ್ತಿದ್ದರು. ಮಾಣಿಕಮ್ಮ ಕುಪ್ಪಸದಿಂದ ಸಣ್ಣ ಚೀಲ ತೆಗೆದು, ಮಡಿಕೆ ಬಿದ್ದ ಕಾರ್ಡು ತೋರಿಸಿ, "ಖೇಡ್" ಎಂದಳು. ಕಂಡಕ್ಟರು ಶಿವಗಂಗಾಳ ಕಡೆ ಕೈ ಚಾಚಿ, ನೋಡದೆಯೇ, "ಎಕ್ಕಡಿಕಮ್ಮಾ?" ಎಂದ.

"ನಾರಾಯಣಖೇಡ್" ಎಂದಳು ಶಿವಗಂಗಾ. ಕಾರ್ಡು ತಂದಿರಲಿಲ್ಲ, ನೋಟು ಕೊಟ್ಟಳು. ಅವನು ಚಿಲ್ಲರೆ ಹುಡುಕುತ್ತಿರುವಾಗ, ಮಾಣಿಕಮ್ಮನ ತೋಳಿನ ಮೇಲೆ ಕೈಯಿಟ್ಟು, ಬಸ್ಸಿನ ಸದ್ದಿಗಿಂತ ದೊಡ್ಡ ದನಿಯಲ್ಲಿ, ತನಗೆ ಬರುವ ತೆಲುಗಿನಲ್ಲಿ, ಇವರು ನಮ್ಮ ವೈನಿ ಎಂದು ಹೇಳಿದಳು: "ಈಮೆ ಮಾ ವದಿನ. ಮಾ ಅನ್ನ ಭಾರ್ಯ."

ಮುಂದಿನ ಸೀಟಿನವರು ತಿರುಗಿ ನೋಡಿದರು. ಕಂಡಕ್ಟರು ಒಂದು ಕ್ಷಣ ಅವಳನ್ನೇ ದಿಟ್ಟಿಸಿ, ಚಿಲ್ಲರೆ ಅವಳ ಅಂಗೈಗೆ ಹಾಕಿ, ಹಿಂದಿನ ಸಾಲಿಗೆ ಹೋದ.

ಮಾಣಿಕಮ್ಮ ಕಿಟಕಿಯ ಹೊರಗೆ ನೋಡುತ್ತಿದ್ದಳು. ತೋಳಿನ ಮೇಲಿದ್ದ ಆ ಕೈಯನ್ನು ತೆಗೆಯದೆ, ಹಿಡಿಯದೆ ಹೇಳಿದಳು:

"ಅಂವ ಕೇಳಿದ್ದಿಲ್ಲ."